ಪಗ್, ಪಾಮಿ, ಡ್ಯಾಷ್‌ಹಂಡ್: ಬಳ್ಳಾರಿ ಬಿಸಿಲಿಗೆ ಯಾವ ಆಟ ಒಗ್ಗುತ್ತದೆ?

"ನಮ್ಮ ಪಾಮಿ ತುಂಬಾ ಚುರುಕು, ಏನಾದರೂ ಸ್ಪರ್ಧೆಗೆ ತಯಾರು ಮಾಡಬಹುದಾ?" ಬಳ್ಳಾರಿಯಲ್ಲಿ ನಾಯಿ ಸಾಕಿದ ಇಬ್ಬರು ಒಂದು ಕಡೆ ಸೇರಿದರೆ ಈ ಮಾತು ಬಂದೇ ಬರುತ್ತದೆ. ಖಂಡಿತ ಮಾಡಬಹುದು. ಯಾವ ಸ್ಪರ್ಧೆಗೆ ಅನ್ನುವಲ್ಲಿ ಮಾತ್ರ ಯೋಚಿಸಬೇಕು. ಮೊಬೈಲಿನಲ್ಲಿ ಕಣ್ಣಿಗೆ ಬೀಳುವುದು ಹೆಚ್ಚಾಗಿ ಅಜಿಲಿಟಿ. ನಾಯಿ ಓಡುತ್ತದೆ, ಹಾರುತ್ತದೆ, ಸುರಂಗದೊಳಗೆ ನುಗ್ಗಿ ಆ ಕಡೆ ಬರುತ್ತದೆ. ನೋಡಿದವರೆಲ್ಲ ಅದನ್ನೇ ಕೇಳುತ್ತಾರೆ.

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ನಮ್ಮೂರಿನಂಥ ಊರಲ್ಲಿ ಚಿಕ್ಕ ನಾಯಿಗೆ ಒಂದೇ ಆಟ ಕಲಿಸುವುದಾದರೆ ವಾಸನೆ ಹುಡುಕುವ ಆಟ ಕಲಿಸಿ. ಇನ್ನೂ ಸಮಯ ಇದ್ದರೆ, ದಾರಿಯ ಫಲಕ ಓದುತ್ತಾ ನಾಯಿಯನ್ನು ನಡೆಸುವ ರ‍್ಯಾಲಿ. ಅಜಿಲಿಟಿ ಕೆಲವು ನಾಯಿಗಳಿಗೆ ಮಾತ್ರ, ಅದೂ ವರ್ಷದ ಕೆಲವು ತಿಂಗಳು ಮಾತ್ರ. ಯಾಕೆ ಅಂತ ನೋಡೋಣ.

ಮೊದಲು ನಾಯಿಯ ಮೈ

ಚಿಕ್ಕ ನಾಯಿ ಅಂದರೆ ಎಷ್ಟು ಚಿಕ್ಕದು? ಅಂತರರಾಷ್ಟ್ರೀಯ ಶ್ವಾನ ಸಂಸ್ಥೆ ಎಫ್‌ಸಿಐ ಅಜಿಲಿಟಿಗೆ ಇಟ್ಟ ಲೆಕ್ಕದಲ್ಲಿ ಹೆಗಲ ಎತ್ತರ 35 ಸೆಂ.ಮೀ. ಒಳಗಿದ್ದರೆ ಅದು 'ಸ್ಮಾಲ್'. ತಲೆಯ ಎತ್ತರ ಇಲ್ಲಿ ಲೆಕ್ಕಕ್ಕಿಲ್ಲ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಕಡೆ, ಹೆಗಲ ಮೂಳೆಯ ಮೇಲಿನಿಂದ ನೆಲದವರೆಗೆ ಅಳೆಯಬೇಕು. ನಾಯಿಯನ್ನು ಗೋಡೆ ಪಕ್ಕ ನೇರ ನಿಲ್ಲಿಸಿ. ಹೆಗಲ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಅಡ್ಡ ಇಡಿ. ಪುಸ್ತಕ ಗೋಡೆಗೆ ತಾಗಿದ ಕಡೆ ಪೆನ್ಸಿಲ್ ಗುರುತು ಹಾಕಿ, ಆಮೇಲೆ ಟೇಪು ಹಿಡಿಯಿರಿ. ಪಗ್, ಷಿಟ್ಜು, ಲಾಸಾ, ಡ್ಯಾಷ್‌ಹಂಡ್ ಎಲ್ಲ ಇದರೊಳಗೇ ಬರುತ್ತವೆ. ಬೀಗಲ್ ಮಾತ್ರ ಗಡಿಯ ಮೇಲೆ ಕೂತ ನಾಯಿ: ಕೆಲವು ಒಳಗೆ, ಕೆಲವು ಹೊರಗೆ.

ಇನ್ನು ಪಾಮಿ. ನಮ್ಮ ಕಡೆ ಬಿಳಿ ಕೂದಲಿನ, ಚೂಪು ಮೂತಿಯ ನಾಯಿಗಳಿಗೆಲ್ಲ ಪಾಮೇರಿಯನ್ ಅಂತಲೇ ಹೆಸರು. ಅವುಗಳಲ್ಲಿ ಬಹಳಷ್ಟು ಇಂಡಿಯನ್ ಸ್ಪಿಟ್ಜ್. ಅಸಲಿ ಪಾಮೇರಿಯನ್ ಎರಡು ಮೂರು ಕೆ.ಜಿ. ತೂಗುವ ಪುಟಾಣಿ. ಇದನ್ನು ಹೇಳಿದರೆ ಕೆಲವರಿಗೆ ಬೇಜಾರಾಗುತ್ತದೆ. ಆಗಬೇಕಾದದ್ದೇನಿಲ್ಲ, ಆಟಕ್ಕೆ ಇಂಡಿಯನ್ ಸ್ಪಿಟ್ಜೇ ಮೇಲು. ಮೂಳೆ ಗಟ್ಟಿ, ಬುದ್ಧಿ ಚುರುಕು, ನಮ್ಮ ಹವೆಗೆ ಹೊಂದಿಕೊಂಡು ಬೆಳೆದ ತಳಿ.

ಎತ್ತರಕ್ಕಿಂತ ಮುಖ್ಯವಾದದ್ದು ಮೂಗು, ಬೆನ್ನು, ಮಂಡಿ. ಆಟ ಯಾವುದು ಅನ್ನುವುದನ್ನು ಈ ಮೂರೇ ತೀರ್ಮಾನ ಮಾಡುತ್ತವೆ.

ಮೂಗು ಚಪ್ಪಟೆ ಇದ್ದರೆ, ಅಂದರೆ ಪಗ್, ಷಿಟ್ಜು ಥರದ ನಾಯಿಗೆ, ಓಡುವ ಆಟ ಬೇಡ. ನಾಯಿ ಮೈ ತಣ್ಣಗೆ ಮಾಡಿಕೊಳ್ಳುವುದೇ ಏದುಸಿರಿನಿಂದ. ನಮ್ಮ ಹಾಗೆ ಮೈತುಂಬ ಬೆವರಲ್ಲ, ಪಾದದಲ್ಲಿ ಮಾತ್ರ ಒಂಚೂರು ಬೆವರುತ್ತದೆ. ಉದ್ದ ಮೂತಿಯ ನಾಯಿಗೆ ಉಸಿರು ಸರಾಗ. ಪಗ್‌ಗೆ ಮೂಗಿನ ಹೊಳ್ಳೆ ಕಿರಿದು, ಒಳಗಿನ ದಾರಿಯೂ ಇಕ್ಕಟ್ಟು. ಗೊರಕೆಯ ಸದ್ದು ಮುದ್ದಾಗಿ ಕೇಳುತ್ತದೆ ನಿಜ, ಆದರೆ ಅದು ಉಸಿರಿಗೆ ಪಡುವ ಕಷ್ಟದ ಸದ್ದು.

ಬೆನ್ನು ಉದ್ದ, ಕಾಲು ಗಿಡ್ಡ ಇದ್ದರೆ, ಅದು ಡ್ಯಾಷ್‌ಹಂಡ್. ಈ ತಳಿಗೆ ಬೆನ್ನುಮೂಳೆಯ ನಡುವಿನ ಡಿಸ್ಕ್ ಜಾರುವ ತೊಂದರೆ ಬಹಳ ಸಾಮಾನ್ಯ. ಜಾಸ್ತಿಯಾದರೆ ಹಿಂಗಾಲು ಸ್ವಾಧೀನ ತಪ್ಪುತ್ತದೆ. ಸೋಫಾದಿಂದ ಜಿಗಿಯುವುದನ್ನೇ ಬಿಡಿಸಿ ಅನ್ನುತ್ತಾರೆ ಪಶುವೈದ್ಯರು. ಅಂಥ ನಾಯಿಗೆ ಅಡ್ಡಪಟ್ಟಿ ಹಾರಿಸುವುದು ನನಗಂತೂ ಒಪ್ಪಿಗೆಯಿಲ್ಲ. ಹೊರದೇಶದಲ್ಲಿ ಹಾರಿಸುವವರಿದ್ದಾರೆ, ಹಾರಿಸಿಕೊಳ್ಳಲಿ.

ಮಂಡಿ ತೊಂದರೆ ಪಾಮಿಯಂಥ ಪುಟ್ಟ ನಾಯಿಗಳಲ್ಲಿ ಜಾಸ್ತಿ. ಮಂಡಿಚಿಪ್ಪು ತನ್ನ ಜಾಗದಿಂದ ಪಕ್ಕಕ್ಕೆ ಸರಿಯುತ್ತದೆ. ಇದನ್ನು ಮನೆಯಲ್ಲೇ ಗಮನಿಸಬಹುದು. ನಾಯಿ ಓಡುತ್ತಾ ಓಡುತ್ತಾ ಒಂದು ಹಿಂಗಾಲು ಮೇಲೆತ್ತಿ ಎರಡು ಹೆಜ್ಜೆ ಮೂರು ಕಾಲಲ್ಲೇ ಕುಪ್ಪಳಿಸುತ್ತದೆ, ಮತ್ತೆ ಏನೂ ಆಗಿಲ್ಲವೆಂಬಂತೆ ನಾಲ್ಕು ಕಾಲಲ್ಲಿ ಓಡುತ್ತದೆ. "ಆಟ ಆಡ್ತಾ ಇದೆ" ಅಂತ ಮನೆಯವರು ನಗುತ್ತಾರೆ. ಅದು ಆಟವಲ್ಲ. ಹಾಗೆ ಕಂಡರೆ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮಂಡಿ ಹಿಡಿದು ನೋಡಿಸಿ. ಅಲ್ಲಿಯವರೆಗೆ ಹಾರುವ ಮಾತೇ ಬೇಡ.

ಬಿಸಿಲು, ನೆಲ, ಮುಳ್ಳು

ಎಲ್ಲೋ ತಂಪು ದೇಶದಲ್ಲಿ ತಯಾರಾದ ವೇಳಾಪಟ್ಟಿಯನ್ನು ಬಳ್ಳಾರಿಗೆ ತಂದರೆ ನಡೆಯಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಹೊಸ ಸುದ್ದಿಯೇನಲ್ಲ, ರಾಯಚೂರಿನಲ್ಲೂ ಅದೇ ಕಥೆ. ಚಿಕ್ಕ ನಾಯಿಯ ಹೊಟ್ಟೆ ನೆಲದಿಂದ ಒಂದು ಗೇಣು ಮೇಲಿರುತ್ತದೆ, ಅಷ್ಟೇ. ನಮಗೆ ತಲೆಗೆ ತಟ್ಟುವ ಬಿಸಿಲು ಅದಕ್ಕೆ ಕೆಳಗಿನಿಂದಲೂ ತಟ್ಟುತ್ತದೆ.

ಸಂಜೆ ಆರಕ್ಕೆ ಗಾಳಿ ಬೀಸಿತು ಅಂತ ನಾಯಿ ಹಿಡಿದು ಹೊರಡುವವರು ಜಾಸ್ತಿ. ನೆಲಕ್ಕೆ ಕೈ ಇಟ್ಟು ನೋಡಿ. ಕೈಯ ಹಿಂಭಾಗವನ್ನು ಏಳು ಸೆಕೆಂಡ್ ಇಟ್ಟುಕೊಳ್ಳಲು ಆಗದಿದ್ದರೆ ನಾಯಿಯ ಪಾದವೂ ತಡೆಯಲ್ಲ. ಸಿಮೆಂಟು, ಡಾಂಬರು, ಮಾಳಿಗೆಯ ನೆಲ, ನಮ್ಮ ಗುಡ್ಡದ ಬಂಡೆ, ಇವೆಲ್ಲ ಹಗಲು ಕುಡಿದ ಬಿಸಿಯನ್ನು ರಾತ್ರಿಯವರೆಗೂ ಬಿಡುತ್ತಾ ಇರುತ್ತವೆ. ಬೇಸಿಗೆಯಲ್ಲಿ ಬೆಳಗಿನ ಜಾವವೇ ಸರಿ. ಏಳು ಗಂಟೆಗೆ ಮುಗಿಸಿ ಮನೆಗೆ ಬಂದುಬಿಡಬೇಕು.

ನಾಲಿಗೆ ಕಡುಕೆಂಪಾಗಿ, ಜೊಲ್ಲು ಅಂಟಂಟಾಗಿ, ನಡಿಗೆ ತೂರಾಡಿದರೆ ಅದು ಬಿಸಿಲೇಟು. ನಾಯಿಯ ಮೈ ಬಿಸಿ ಸಾಧಾರಣವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರುತ್ತದೆ. 41ಕ್ಕೆ ಹೋದರೆ ಜೀವಕ್ಕೆ ಅಪಾಯ. ಮೊದಲು ಮೈಮೇಲೆ ನೀರು ಸುರಿದು ಫ್ಯಾನ್ ಹಾಕಿ, ಆಮೇಲೆ ಆಸ್ಪತ್ರೆಗೆ ಓಡಿ. ಒಣ ಮೈಯಲ್ಲಿ ಆಟೋದಲ್ಲಿ ಕೂರಿಸಿಕೊಂಡು ಹೋದರೆ ದಾರಿಯಲ್ಲೇ ಕೆಡುತ್ತದೆ.

ಹೊರಗೆ ಆಡಿಸಲು ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಎರೆಮಣ್ಣಿನ ಜಾಗವಾದರೆ ನಾಯಿಯ ಪಾದಕ್ಕೆ ಮಣ್ಣಿನ ಚಪ್ಪಲಿ ಕಟ್ಟಿಕೊಳ್ಳುತ್ತದೆ, ಬೆರಳ ಸಂದಿಯಲ್ಲಿ ಒಣಗಿ ಗಾಯ ಮಾಡುತ್ತದೆ. ಉಣ್ಣಿ ಹುಳುವಿನ ಕಾಟವೂ ಆಗಲೇ ಹೆಚ್ಚು. ಖಾಲಿ ಸೈಟಿನಲ್ಲಿ ಆಡಿಸುವುದಾದರೆ ಮೊದಲು ನೀವೇ ಬರಿಗಣ್ಣಲ್ಲಿ ಇಂಚಿಂಚು ನೋಡಿ. ಬಳ್ಳಾರಿ ಜಾಲಿಯ ಮುಳ್ಳು ಚಪ್ಪಲಿಯನ್ನೇ ತೂರಿ ಬರುತ್ತದೆ, ನಾಯಿ ಪಾದ ಯಾವ ಲೆಕ್ಕ. ಇನ್ನೊಂದು ಮಾತು. ಬೇಲಿ ಇಲ್ಲದ ಮೈದಾನದಲ್ಲಿ ಚಿಕ್ಕ ನಾಯಿ ಬಿಡಬೇಡಿ. ಬೀದಿ ನಾಯಿಗಳ ಗುಂಪಿಗೆ ಓಡುವ ಪುಟ್ಟ ನಾಯಿ ಕಂಡರೆ ಸುಮ್ನೆ ಇರಲ್ಲ. ಕಾಂಪೌಂಡ್ ಇರುವ ಶಾಲೆಯ ಅಂಗಳವನ್ನು ರಜಾ ದಿನ ಕೇಳಿ ಪಡೆಯುವುದು ಒಳ್ಳೆಯ ದಾರಿ.

ವಾಸನೆ ಹುಡುಕುವ ಆಟ

ಮೇಲಿನದೆಲ್ಲ ಓದಿದ ಮೇಲೆ ಇದು ಯಾಕೆ ಮೊದಲು ಅನ್ನುವುದು ಗೊತ್ತಾಗಿರಬೇಕು, ಅಲ್ವಾ? ಬಿಸಿಲಿಗೆ ಹೋಗಬೇಕಿಲ್ಲ. ಹಾರಬೇಕಿಲ್ಲ. ಪಡಸಾಲೆಯ ಫ್ಯಾನ್ ಕೆಳಗೇ ನಡೆಯುತ್ತದೆ. ಬೆನ್ನು ಉದ್ದ ಇದ್ದರೂ ಆಗುತ್ತದೆ, ವಯಸ್ಸಾಗಿದ್ದರೂ ಆಗುತ್ತದೆ. ಪಗ್ ಕೂಡ ಆಡುತ್ತದೆ, ನಡುನಡುವೆ ಬಿಡುವು ಕೊಟ್ಟರೆ ಸಾಕು. ಬೀಗಲ್, ಡ್ಯಾಷ್‌ಹಂಡ್‌ಗಳಂತೂ ಹುಟ್ಟಿನಿಂದಲೇ ಮೂಗಿನ ನಾಯಿಗಳು.

ಹೊರದೇಶದ ಸ್ಪರ್ಧೆಗಳಲ್ಲಿ ಇದಕ್ಕೆ ನಿಯಮ ಇದೆ. ಅಮೆರಿಕನ್ ಕೆನಲ್ ಕ್ಲಬ್ 2017ರಲ್ಲಿ ಸೆಂಟ್ ವರ್ಕ್ ಶುರು ಮಾಡಿತು. ಅದರಲ್ಲಿ ನಾಲ್ಕು ವಾಸನೆ: ಬರ್ಚ್, ಅನೀಸ್, ಲವಂಗ, ಸೈಪ್ರೆಸ್. ಈ ಎಣ್ಣೆಗಳ ವಾಸನೆ ಹತ್ತಿಸಿದ ಹತ್ತಿಯನ್ನು ಎಲ್ಲೋ ಬಚ್ಚಿಟ್ಟಿರುತ್ತಾರೆ. ನಾಯಿ ಹುಡುಕಬೇಕು. ಸಿಕ್ಕಿತು ಅಂತ ನಾಯಿ ಹೇಳುವುದನ್ನು ಯಜಮಾನ ಓದಿ "ಅಲರ್ಟ್" ಅನ್ನಬೇಕು. ಪೊಲೀಸ್ ಶ್ವಾನದಳದ ಕೆಲಸವನ್ನೇ ಮನೆಮಂದಿಯ ಆಟವಾಗಿ ಇಳಿಸಿದ್ದಾರೆ ಅನ್ನಿ.

ಕಲಿಸುವ ಬಗೆ ಹೀಗೆ. ಚಪ್ಪಲಿ ಅಂಗಡಿಯ ಖಾಲಿ ಡಬ್ಬಿ ನಾಲ್ಕೈದು ತನ್ನಿ. ಮುಚ್ಚಳ ತೆಗೆದು ಸಾಲಾಗಿ ಇಡಿ. ನಾಯಿ ನೋಡುತ್ತಿರುವಾಗಲೇ ಒಂದರಲ್ಲಿ ಬೇಯಿಸಿದ ಕೋಳಿ ಚೂರು ಹಾಕಿ ಬಿಡಿ. ಅದು ಹೋಗಿ ತಿನ್ನುತ್ತದೆ. ಎರಡು ಮೂರು ಸಲ ಆದ ಮೇಲೆ ನಾಯಿಯನ್ನು ಬಾಗಿಲ ಹೊರಗೆ ನಿಲ್ಲಿಸಿ ಡಬ್ಬಿಗಳ ಜಾಗ ಬದಲಿಸಿ. ಈಗ ಅದರ ಮೈ ಗಮನಿಸಿ. ಸುಮ್ಮನೆ ಸುತ್ತುತ್ತಿದ್ದ ನಾಯಿ ಒಂದು ಡಬ್ಬಿಯ ಹತ್ತಿರ ಬಂದ ಕೂಡಲೇ ತಲೆ ಗಕ್ಕನೆ ಹಿಂದಕ್ಕೆ ತಿರುಗುತ್ತದೆ. ಬಾಲದ ಲಯ ಬದಲಾಗುತ್ತದೆ. ಬಾಯಿ ಮುಚ್ಚಿ ಮೂಗಿನಿಂದ ಸರಸರ ಸದ್ದು ಬರುತ್ತದೆ. ವಾಸನೆ ಸಿಕ್ಕ ಗಳಿಗೆ ಅದು. ಡಬ್ಬಿ ತೋರಿಸಿ "ಇಲ್ಲಿದೆ ನೋಡು" ಅನ್ನುವ ಆಸೆ ಬರುತ್ತದೆ, ತಡೆದುಕೊಳ್ಳಿ. ಬೆರಳು ತೋರಿಸಿದರೆ ನಾಯಿ ಮೂಗು ಬಿಟ್ಟು ನಿಮ್ಮ ಬೆರಳನ್ನೇ ನೋಡುವುದು ಕಲಿಯುತ್ತದೆ.

ಇದು ಗಟ್ಟಿಯಾದ ಮೇಲೆ ಲವಂಗ. ಗಾಜಿನ ಶೀಶೆಯಲ್ಲಿ ಒಂದು ಹನಿ ಲವಂಗದ ಎಣ್ಣೆ ಬಿಟ್ಟು, ಅದರಲ್ಲಿ ಹತ್ತಿ ತುಂಡುಗಳನ್ನು ಹಾಕಿ ಮುಚ್ಚಿಡಿ. ವಾಸನೆ ಹಿಡಿದ ಒಂದು ತುಂಡನ್ನು ತೂತು ಮಾಡಿದ ಸಣ್ಣ ತಗಡಿನ ಡಬ್ಬಿಗೆ ಹಾಕಿ, ಕೋಳಿ ಚೂರಿನ ಜೊತೆ ಇಡಿ. ನಿಧಾನವಾಗಿ ಕೋಳಿ ತೆಗೆಯಿರಿ. ಲವಂಗ ಹುಡುಕಿದ ಮೇಲೆ ಕೋಳಿ ನಿಮ್ಮ ಕೈಯಿಂದ ಸಿಗುತ್ತದೆ. ಎಣ್ಣೆ ನಾಯಿಯ ನಾಲಿಗೆಗೆ ತಾಗಬಾರದು. ಲವಂಗದ ಎಣ್ಣೆ ಪುಟ್ಟ ನಾಯಿಗೆ ವಿಷವೇ, ಅದಕ್ಕೇ ಮುಚ್ಚಿದ ಡಬ್ಬಿ.

ಇದರ ಕೊರತೆ ಒಂದೇ. ನೋಡುವವರಿಗೆ ರೋಚಕ ಅಲ್ಲ. ನೆಂಟರು ಬಂದಾಗ ತೋರಿಸಿದರೆ "ಇಷ್ಟೇನಾ?" ಅಂತಾರೆ. ಆದರೆ ಹತ್ತು ನಿಮಿಷ ಮೂಗು ದುಡಿಸಿದ ನಾಯಿ ಆಮೇಲೆ ಮಲಗುವ ಪರಿ ನೋಡಬೇಕು. ಮಧ್ಯಾಹ್ನವಿಡೀ ಗೇಟಿನ ಹತ್ತಿರ ಬೊಗಳುವ ಪಾಮಿ ಇರುವ ಮನೆಯವರಿಗೆ ಇದರ ಬೆಲೆ ಗೊತ್ತು.

ರ‍್ಯಾಲಿಯೋ, ಒಬಿಡಿಯನ್ಸೋ?

ಎರಡಕ್ಕೂ ತಳಪಾಯ ಒಂದೇ. ಪಕ್ಕದಲ್ಲಿ ನಡೆಯುವುದು, ಕೂರುವುದು, ಮಲಗುವುದು, ಕಾಯುವುದು, ಕರೆದರೆ ಬರುವುದು. ವ್ಯತ್ಯಾಸ ರಿಂಗಿನೊಳಗಿನ, ಅಂದರೆ ಸ್ಪರ್ಧೆಯ ಅಂಗಳದೊಳಗಿನ, ಗಾಳಿಯಲ್ಲಿದೆ. ಒಬಿಡಿಯನ್ಸ್‌ನಲ್ಲಿ ತೀರ್ಪುಗಾರರು ಹೇಳಿದ ಹಾಗೆ ಒಂದೊಂದೇ ಮಾಡಬೇಕು. ಆಜ್ಞೆ ಒಂದೇ ಸಲ. ಹೇಳಿದ ಕೆಲಸ ಮುಗಿಯುವವರೆಗೆ ನಾಯಿಯ ಜೊತೆ ಮಾತು, ಹುರಿದುಂಬಿಸುವುದು ನಡೆಯಲ್ಲ. ರ‍್ಯಾಲಿಯಲ್ಲಿ ದಾರಿಯುದ್ದಕ್ಕೂ ಫಲಕ ನೆಟ್ಟಿರುತ್ತಾರೆ. ಇಲ್ಲಿ ಕೂರಿಸಿ, ಇಲ್ಲಿ ಸುತ್ತು ಹಾಕಿ, ಇಲ್ಲಿ ನಿಧಾನ ನಡೆಯಿರಿ ಅಂತ. ಓದುತ್ತಾ ಹೋಗುವುದು ನಿಮ್ಮ ಕೆಲಸ. ದಾರಿಯುದ್ದಕ್ಕೂ "ಬಾ ಪುಟ್ಟಾ, ಶಭಾಷ್" ಅನ್ನಬಹುದು. ಅಮೆರಿಕದಲ್ಲಿ 2005ರಿಂದ ಇದಕ್ಕೆ ಅಧಿಕೃತ ಪದವಿಗಳಿವೆ.

ಪುಟ್ಟ ನಾಯಿಗಳಲ್ಲಿ ಬಹಳಷ್ಟು ನಿಮ್ಮ ದನಿ ಕೇಳಿದರೆ ಅರಳುತ್ತವೆ, ಮೌನವಾದರೆ ಬಾಲ ಇಳಿಸುತ್ತವೆ. ಹಾಗಾಗಿ ಕಲಿಕೆಗೆ ನನ್ನ ಒಲವು ರ‍್ಯಾಲಿ ಕಡೆ. ಆದರೆ ನಮ್ಮ ದೇಶದಲ್ಲಿ ಕೆನಲ್ ಕ್ಲಬ್ ಶೋಗಳ ಜೊತೆ ಕೆಲವೊಮ್ಮೆ ನಡೆಯುವುದು ಒಬಿಡಿಯನ್ಸ್ ಪರೀಕ್ಷೆ. ರಿಂಗಿಗೆ ಇಳಿಯಲೇಬೇಕು ಅನ್ನುವವರು ರ‍್ಯಾಲಿ ರೀತಿಯಲ್ಲಿ ಕಲಿಸಿ, ಆಮೇಲೆ ಮಾತು ಕಡಿಮೆ ಮಾಡುತ್ತಾ ಒಬಿಡಿಯನ್ಸ್‌ಗೆ ಹೋಗಿ. ಅದು ಸುಲಭ. ಒಬಿಡಿಯನ್ಸ್‌ನ ಬಿಗಿಯಿಂದ ಶುರು ಮಾಡಿದ ಪುಟ್ಟ ನಾಯಿಯನ್ನು ಮತ್ತೆ ಖುಷಿಗೆ ತರುವುದು ಕಷ್ಟ.

ದೊಡ್ಡ ನಾಯಿಗೆ ಕಲಿಸಿದ ಕೈ ಚಿಕ್ಕ ನಾಯಿಗೆ ಕಲಿಸುವಾಗ ಕೆಲವು ಅಭ್ಯಾಸ ಬಿಡಬೇಕು. ಮುಖ್ಯವಾಗಿ ಬಗ್ಗುವುದು. ತಿಂಡಿ ಕೊಡಲು ಪ್ರತಿ ಸಲ ಮೇಲಿನಿಂದ ಬಾಗಿದರೆ ನಾಯಿ ಹಿಂದೆ ಸರಿಯುತ್ತದೆ, ನಿಮ್ಮ ಸೊಂಟವೂ ಹೋಗುತ್ತದೆ. ಉದ್ದ ಹಿಡಿಯ ಮರದ ಸೌಟಿನ ತುದಿಗೆ ಒಂಚೂರು ಗಟ್ಟಿ ಮೊಸರು ಸವರಿ ನಿಮ್ಮ ಎಡಗಾಲಿನ ಪಕ್ಕ, ನಾಯಿಯ ಮೂತಿಯ ಮಟ್ಟಕ್ಕೆ ಹಿಡಿಯಿರಿ. ನೀವು ನೆಟ್ಟಗೆ ನಡೆಯಬಹುದು, ನಾಯಿ ಪಕ್ಕದಲ್ಲೇ ಬರುತ್ತದೆ. ಬಟ್ಟೆಯ ಕಡೆಗೂ ಗಮನ ಇರಲಿ. ಸೀರೆಯ ನೆರಿಗೆ, ಚೂಡಿದಾರದ ವೇಲು, ಪಂಚೆಯ ಅಂಚು, ಇವೆಲ್ಲ ನಡೆಯುವಾಗ ನಾಯಿಯ ಕಣ್ಣಿಗೇ ಬಡಿಯುತ್ತವೆ. ಅದು ದೂರ ದೂರ ನಡೆದರೆ ಮಾತು ಕೇಳುತ್ತಿಲ್ಲ ಅಂತ ಬೈಯುತ್ತೇವೆ.

ಅಜ್ಜಿ "ಕುಂದ್ರು" ಅಂದರೆ ಮೊಮ್ಮಗ "ಸಿಟ್" ಅಂತಾನೆ, ಪಕ್ಕದ ಮನೆಯವರು ತೆಲುಗಿನಲ್ಲಿ ಕರೆಯುತ್ತಾರೆ. ಬಳ್ಳಾರಿಯ ನಾಯಿ ಎಲ್ಲಕ್ಕೂ ಒಗ್ಗಿಕೊಂಡಿರುತ್ತದೆ. ಸ್ಪರ್ಧೆಗೆ ಮಾತ್ರ ಮನೆಯವರೆಲ್ಲ ಕೈಸನ್ನೆ ಒಂದೇ ಮಾಡಿಕೊಳ್ಳಿ. ನಾಯಿಗೆ ಮಾತಿಗಿಂತ ಕೈ ಬೇಗ ಅರ್ಥವಾಗುತ್ತದೆ.

ಅಜಿಲಿಟಿ ಬೇಕೇ ಬೇಕು ಅನ್ನುವವರಿಗೆ

1978ರಲ್ಲಿ ಇಂಗ್ಲೆಂಡಿನ ಕ್ರಫ್ಟ್ಸ್ ಶ್ವಾನ ಶೋದಲ್ಲಿ ಜನರ ಮನರಂಜನೆಗೆ ಅಂತ, ಕುದುರೆ ಜಿಗಿತದ ಮಾದರಿಯಲ್ಲಿ ಶುರುವಾದ ಆಟ ಇದು. ಈಗ ಜಗತ್ತಿನ ಹಲವು ಕಡೆ ಬಹಳ ಜನಪ್ರಿಯ. ಚಿಕ್ಕ ನಾಯಿಗೆ ಎಫ್‌ಸಿಐ ನಿಯಮದಲ್ಲಿ ಅಡ್ಡಪಟ್ಟಿಯ ಎತ್ತರ 25ರಿಂದ 30 ಸೆಂ.ಮೀ., ಅಂದರೆ ಅಂಥ ಭಯಂಕರ ಎತ್ತರವೇನಲ್ಲ. ಸ್ಪರ್ಧೆಗೆ ಇಳಿಯಲು ನಾಯಿಗೆ 18 ತಿಂಗಳು ತುಂಬಿರಬೇಕು. ಈ ನಿಯಮ ಸುಮ್ನೆ ಮಾಡಿದ್ದಲ್ಲ. ಎಳೆ ಮೂಳೆಯ ತುದಿಗಳು ಕೂಡಿ ಗಟ್ಟಿಯಾಗುವ ಮುಂಚೆ ಹಾರಿಸಿದರೆ ಕೀಲು ಹಾಳಾಗುತ್ತದೆ. ಆರು ತಿಂಗಳ ಮರಿ ಮಂಚ ಹಾರಿತು ಅಂತ ವಿಡಿಯೊ ಹಾಕುವವರು ಇದನ್ನು ತಿಳಿದಿರಲಿ.

ಯಾವ ನಾಯಿಗೆ? ಹಗುರ ಮೈಯ, ಮಂಡಿ ಗಟ್ಟಿ ಇರುವ ಇಂಡಿಯನ್ ಸ್ಪಿಟ್ಜ್, ತೂಕ ಹೆಚ್ಚಿಲ್ಲದ ಬೀಗಲ್, ಸಣ್ಣ ಗಾತ್ರದ ನಾಟಿ ಮಿಶ್ರ ತಳಿ. ಪಕ್ಕೆಲುಬು ಕೈಗೆ ಸಿಗಬೇಕು. ಸಿಗದಷ್ಟು ದಪ್ಪ ಇದ್ದರೆ ಮೊದಲು ತೂಕ ಇಳಿಸಿ.

ಸಾಮಾನಿಗೆ ಬೆಂಗಳೂರಿಗೆ ಆರ್ಡರ್ ಕೊಡುವುದು ದಂಡ. ಹೊಲಕ್ಕೆ ಪೈಪು ಮಾರುವ ಅಂಗಡಿಯಲ್ಲಿ ಪಿವಿಸಿ ಪೈಪು ಸಿಗುತ್ತದೆ. ಎರಡು ಇಟ್ಟಿಗೆಯ ಮೇಲೆ ಒಂದು ಪೈಪು ಅಡ್ಡ ಇಟ್ಟರೆ ಮೊದಲ ಪಾಠ ಶುರು. ಪೈಪನ್ನು ಕಟ್ಟಬೇಡಿ, ಕಾಲು ತಾಗಿದರೆ ಅದು ಬಿದ್ದುಹೋಗಬೇಕು. ವೀವ್ ಪೋಲ್ ಅನ್ನುವ, ನಾಯಿ ಎಡಬಲಕ್ಕೆ ನುಸುಳುತ್ತಾ ಹೋಗುವ ಕಂಬಗಳ ಸಾಲು ಸ್ಪರ್ಧೆಯಲ್ಲಿ 12, ನಡುವೆ 60 ಸೆಂ.ಮೀ. ಅಂತರ. ಮನೆಯಲ್ಲಿ ಎರಡೇ ಕಂಬದಿಂದ ಶುರು ಮಾಡಿ. ಮೊದಲ ಕಂಬ ಯಾವಾಗಲೂ ನಾಯಿಯ ಎಡ ಹೆಗಲಿಗೆ ಬರಬೇಕು. ಚಿಕ್ಕ ನಾಯಿ ಕಂಬಗಳ ನಡುವೆ ದೊಡ್ಡ ನಾಯಿಯಷ್ಟು ಮೈ ನುಲಿಯಬೇಕಿಲ್ಲ. ಇದು ಅದಕ್ಕೆ ಸಿಕ್ಕ ಅನುಕೂಲ.

ಅನನುಕೂಲ ಇರುವುದು ಏತದ ಹಲಗೆಯಲ್ಲಿ, ಅಂದರೆ ಸೀ-ಸಾದಲ್ಲಿ. ಮಧ್ಯ ದಾಟಿದ ಕೂಡಲೇ ಭಾರದ ನಾಯಿಗೆ ಹಲಗೆ ಧಡ್ ಅಂತ ಇಳಿಯುತ್ತದೆ. ಮೂರು ಕೆ.ಜಿ. ನಾಯಿಗೆ ಇಳಿಯುವುದೇ ಇಲ್ಲ. ಇನ್ನೂ ಮುಂದೆ, ತುದಿಯವರೆಗೂ ಹೋಗಿ ಕಾಯಬೇಕು. ಗಾಳಿಯಲ್ಲಿ ನಿಂತು ಕಾಯುವುದು ಪುಟ್ಟ ನಾಯಿಗೆ ಭಯ. ಹಲಗೆಯನ್ನು ನೆಲದಿಂದ ನಾಲ್ಕು ಬೆರಳಷ್ಟೇ ಎತ್ತರಿಸಿ, ತುದಿಯಲ್ಲಿ ತಿಂಡಿ ಕೊಟ್ಟು, ಸದ್ದಿಗೆ ಒಗ್ಗಿಸಿ. ಆತುರ ಪಟ್ಟು ಒಂದು ಸಲ ಹೆದರಿಸಿದರೆ ಆಮೇಲೆ ಹಲಗೆ ಕಂಡರೇ ಓಡುತ್ತದೆ.

ಮನೆಯೊಳಗೆ ಹಾರಿಸುವುದಂತೂ ಬೇಡವೇ ಬೇಡ. ಟೈಲ್ಸ್, ಗ್ರಾನೈಟ್ ನೆಲದಲ್ಲಿ ಇಳಿದಾಗ ಕಾಲು ಜಾರಿ ಮಂಡಿಗೆ ಪೆಟ್ಟು ಬೀಳುತ್ತದೆ. ಮೇಲೆ ಜಮಖಾನ ಹಾಸಿದರೆ ಜಮಖಾನವೇ ಜಾರುತ್ತದೆ.

ಶೋ ರಿಂಗ್, ಉಳಿದವು

ತಳಿಯ ಚೆಂದ ನೋಡುವ ಶೋ ಬೇರೆಯೇ ಲೋಕ. ಚೆನ್ನೈಯಲ್ಲಿ ಕಚೇರಿ ಇರುವ ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ, ಮೈಕ್ರೋಚಿಪ್ ಎಲ್ಲ ಬೇಕು. "ಪೇಪರ್ ಇಲ್ಲದ ಮರಿ ಅರ್ಧ ಬೆಲೆಗೆ ಕೊಡ್ತೀನಿ" ಅಂತ ಕೊಂಡಿದ್ದರೆ ಈ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೆ. ಪೇಪರ್ ಇದ್ದವರಿಗೆ ತರಬೇತಿ ಕಷ್ಟವೇನಲ್ಲ. ಚಿಕ್ಕ ತಳಿಗಳನ್ನು ಮೇಜಿನ ಮೇಲೆ ನಿಲ್ಲಿಸಿ ಪರೀಕ್ಷೆ ಮಾಡುತ್ತಾರೆ. ಅಪರಿಚಿತರು ಬಂದು ತುಟಿ ಎತ್ತಿ ಹಲ್ಲು ನೋಡಿದರೆ, ಬೆನ್ನು ಸವರಿದರೆ ಅಲುಗದೆ ನಿಲ್ಲಬೇಕು. ಮನೆಯ ಮೇಜಿನ ಮೇಲೆ ರಬ್ಬರ್ ಚಾಪೆ ಹಾಸಿ, ಬಂದ ನೆಂಟರ ಕೈಯಲ್ಲಿ ಮುಟ್ಟಿಸಿ ರೂಢಿ ಮಾಡಿ. ಇದು ಆಸ್ಪತ್ರೆಯಲ್ಲೂ ಉಪಯೋಗಕ್ಕೆ ಬರುತ್ತದೆ.

ಉತ್ಸವ, ಮೇಳಗಳಲ್ಲಿ ನಡೆಯುವ ಶ್ವಾನ ಪ್ರದರ್ಶನಗಳು ಇಷ್ಟು ಬಿಗಿ ಇರುವುದಿಲ್ಲ. ಹೋಗಿ, ಖುಷಿಯಾಗಿರುತ್ತದೆ. ಆದರೆ ಶಾಮಿಯಾನ, ಮೈಕು, ಜನಜಂಗುಳಿ, ಪಕ್ಕದಲ್ಲೇ ಮುಧೋಳ ನಾಯಿಗಳ ಸಾಲು, ಇದಕ್ಕೆಲ್ಲ ನಾಯಿಯನ್ನು ಮೊದಲೇ ಒಗ್ಗಿಸಿರಬೇಕು. ಬಜಾರಿನ ತುದಿಯಲ್ಲಿ ದೂರ ನಿಂತು ತಿಂಡಿ ತಿನ್ನಿಸುತ್ತಾ, ದಿನಾ ಸ್ವಲ್ಪ ಹತ್ತಿರ ಹೋಗುವುದು ಸರಿಯಾದ ಕ್ರಮ. ಎತ್ತಿಕೊಂಡು ನುಗ್ಗುವುದಲ್ಲ.

ಫ್ಲೈಬಾಲ್ ಅಂತ ಒಂದಿದೆ. ಅಡ್ಡಪಟ್ಟಿ ಹಾರುತ್ತಾ ಹೋಗಿ ಚೆಂಡು ತರುವ ನಾಲ್ಕು ನಾಯಿಗಳ ರಿಲೇ. ತಂಡದ ಅತಿ ಗಿಡ್ಡ ನಾಯಿಯ ಅಳತೆಗೆ ಎಲ್ಲರ ಅಡ್ಡಪಟ್ಟಿ ಇಳಿಸುತ್ತಾರೆ, ಹಾಗಾಗಿ ಅಲ್ಲಿ ಪುಟ್ಟ ನಾಯಿಗೆ ಭಾರೀ ಬೇಡಿಕೆ. ಆದರೆ ನಾಲ್ಕು ನಾಯಿ, ನಾಲ್ಕು ಯಜಮಾನರು, ಚೆಂಡು ಚಿಮ್ಮುವ ಪೆಟ್ಟಿಗೆ, ಎದುರಿಗೆ ಇನ್ನೊಂದು ತಂಡ! ಇಲ್ಲಿ ಹೊಂದಿಸುವ ಹೊತ್ತಿಗೆ ನಾಯಿಗೆ ವಯಸ್ಸಾಗಿರುತ್ತದೆ. ಟ್ರಿಕ್ಸ್ ಬೇಕಾದರೆ ಕಲಿಸಿ, ಮಕ್ಕಳಿಗೆ ಒಳ್ಳೆಯ ಕೆಲಸ. ಎರಡು ಕಾಲ ಮೇಲೆ ನಿಲ್ಲಿಸಿ ನಡೆಸುವುದೊಂದು ಬೇಡ, ಬೆನ್ನಿಗೆ ಭಾರ.

ಯಾರು ಕಲಿಸಬೇಕು?

ಮೂರು ದಾರಿ ಇದೆ. ಟ್ರೇನರ್ ಮನೆಗೆ ಬರುವುದು, ನಾಯಿಯನ್ನು ತಿಂಗಳಗಟ್ಟಲೆ ಬಿಟ್ಟು ಬರುವುದು, ನೀವೇ ಕಲಿಸುವುದು. ಬಿಟ್ಟು ಬರುವುದನ್ನು ನಾನು ಪೂರ್ತಿ ಬೇಡ ಅನ್ನುತ್ತೇನೆ. ಈ ಆಟಗಳಲ್ಲಿ ರಿಂಗಿಗೆ ಇಳಿಯುವುದು ನೀವು ಮತ್ತು ನಾಯಿ. ಬೇರೆಯವರ ಹತ್ತಿರ ಕಲಿತು ಬಂದ ನಾಯಿ ಅವರ ಮಾತು ಕೇಳುತ್ತದೆ. ನಿಮ್ಮ ಮನೆಗೆ ಬಂದ ವಾರಕ್ಕೆ ಹಳೇ ಕಥೆ.

ಮನೆಗೆ ಬರುವ ಟ್ರೇನರ್ ಆದರೆ ಮೊದಲ ದಿನ ಅವರ ಚೀಲ ನೋಡಿ. ಬಿಗಿಯುವ ಸರಪಳಿ ತೆಗೆದರೆ ಚಹಾ ಕೊಟ್ಟು ಕಳಿಸಿಬಿಡಿ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಪಳಗಿಸಿದ ಕೈ ಅದು. ಪಾಮಿಯಂಥ ನಾಯಿಯ ಗಂಟಲ ಕೊಳವೆ ಮೆತ್ತಗೆ, ಒತ್ತಡಕ್ಕೆ ಕುಸಿಯುತ್ತದೆ. ಆಮೇಲೆ ಬಾತುಕೋಳಿ ಥರ ಕೆಮ್ಮುತ್ತಾ ಇರುತ್ತದೆ. ಚಿಕ್ಕ ನಾಯಿಗೆ ಕೊರಳ ಬೆಲ್ಟಿಗೆ ಚೈನು ಹಾಕುವುದಕ್ಕಿಂತ ಎದೆಗೆ ಹಾಕುವ ಹಾರ್ನೆಸ್ ಯಾವತ್ತೂ ಮೇಲು. ಪಾಠದುದ್ದಕ್ಕೂ ಚೈನು ನಿಮ್ಮ ಕೈಯಲ್ಲೇ ಕೊಟ್ಟು, ನಿಮ್ಮನ್ನು ತಿದ್ದುವ ಟ್ರೇನರ್ ಸಿಕ್ಕರೆ ಬಿಡಬೇಡಿ.

ನೀವೇ ಕಲಿಸುವುದಾದರೆ ಒಂದು ಸಲಕ್ಕೆ ಐದು ನಿಮಿಷ ಸಾಕು, ದಿನಕ್ಕೆ ಎರಡು ಮೂರು ಸಲ. ತಿಂಡಿಯ ಚೂರು ಕಡಲೆಕಾಳಿನ ಅರ್ಧದಷ್ಟಿರಲಿ. ದಿನದ ಊಟದ ಹತ್ತರಲ್ಲೊಂದು ಭಾಗಕ್ಕಿಂತ ಜಾಸ್ತಿ ತಿಂಡಿ ಆಗಬಾರದು. ಮೂರು ಕೆ.ಜಿ. ನಾಯಿಗೆ ಒಂದು ಬಿಸ್ಕತ್ತೂ ದೊಡ್ಡ ಊಟವೇ. ಉಪ್ಪು ಮಸಾಲೆ ಇಲ್ಲದೆ ಬೇಯಿಸಿದ ಕೋಳಿ, ಪನೀರ್ ಚೂರು ಒಳ್ಳೆಯದು. ಒಗ್ಗರಣೆ ಮಂಡಕ್ಕಿ ತಿನ್ನುತ್ತಾ ಪಕ್ಕದಲ್ಲಿ ಕೂತ ನಾಯಿಗೂ ಒಂದು ಹಿಡಿ ಹಾಕುವ ಅಭ್ಯಾಸ ನಮ್ಮಲ್ಲಿದೆ. ಅದರಲ್ಲಿ ಈರುಳ್ಳಿ ಇರುತ್ತದೆ, ನಾಯಿಯ ರಕ್ತಕ್ಕೆ ಅದು ವಿಷ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ಬೇಡ. ತೀರಾ ಪುಟ್ಟ ಮರಿಯನ್ನು ಹಸಿದ ಹೊಟ್ಟೆಯಲ್ಲಿ ಕಲಿಸಬೇಡಿ, ಸಕ್ಕರೆ ಅಂಶ ಇಳಿದು ಕುಸಿದು ಬೀಳಬಹುದು.

ತಿಂಡಿಗೆ ಮನಸ್ಸು ಕೊಡದ ನಾಯಿಗೆ ಎಳೆದಾಡುವ ಆಟಿಕೆ. ಅದಕ್ಕೆ ನಮ್ಮೂರಿಗಿಂತ ಒಳ್ಳೆಯ ಊರಿಲ್ಲ. ಜೀನ್ಸ್ ಹೊಲಿಯುವ ಕಡೆ ಕತ್ತರಿಸಿ ಉಳಿದ ಚಿಂದಿ ರಾಶಿ ಬಿದ್ದಿರುತ್ತದೆ. ಕೇಳಿದರೆ ಒಂದು ಕೈಚೀಲ ತುಂಬ ಕೊಡುತ್ತಾರೆ. ಮೂರು ಪಟ್ಟಿ ತೆಗೆದು ಜಡೆ ಹಾಕಿ, ಎರಡೂ ತುದಿ ಗಂಟು ಬಿಗಿಯಿರಿ. ಗುಂಡಿ, ಜಿಪ್ಪು ಇರುವ ತುಂಡು ಬೇಡ. ಚಿಕ್ಕ ನಾಯಿಯ ಜೊತೆ ಎಳೆದಾಡುವಾಗ ಪಕ್ಕಕ್ಕೆ ಮೆಲ್ಲಗೆ ಆಡಿಸಿ. ಮೇಲಕ್ಕೆ ಎತ್ತಿ ನೇತಾಡಿಸಿದರೆ ಕುತ್ತಿಗೆ ಉಳುಕುತ್ತದೆ.

ಬೆಂಗಳೂರಿಗೆ ಹೋಗಬೇಕಾದರೆ

ದೊಡ್ಡ ಶೋಗಳಿಗೆ ಬೆಂಗಳೂರು, ಹೈದರಾಬಾದ್ ಕಡೆಗೇ ಹೋಗಬೇಕು. ಬೆಂಗಳೂರು ಸುಮಾರು 300 ಕಿ.ಮೀ. ಹೆಸರು ಕೊಡುವ ಮುಂಚೆ ಸಂಘಟಕರನ್ನು ಕೇಳಿ: ಮಿಶ್ರ ತಳಿಗೆ ಅವಕಾಶ ಇದೆಯಾ, ನೋಂದಣಿ ಪೇಪರ್ ಬೇಕಾ, ನಾಯಿ ಕಾಯುವ ಜಾಗಕ್ಕೆ ನೆರಳಿದೆಯಾ. ರೇಬಿಸ್ ಲಸಿಕೆಯ ದಾಖಲೆ ಕೈಯಲ್ಲಿರಲಿ.

ಕಾರಿದ್ದರೆ ರಾತ್ರಿ ಹೊರಡಿ. ನಿಲ್ಲಿಸಿದ ಕಾರಿನಲ್ಲಿ ನಾಯಿ ಬಿಟ್ಟು ಚಹಾಕ್ಕೆ ಇಳಿಯಬೇಡಿ, ಐದು ನಿಮಿಷಕ್ಕೂ ಬೇಡ. ರೈಲಿನಲ್ಲಿ ಸ್ಲೀಪರ್, ಎಸಿ ಟೂ ಟಯರ್, ತ್ರೀ ಟಯರ್‌ನಲ್ಲಿ ನಾಯಿಗೆ ಅವಕಾಶ ಇಲ್ಲ. ಜೊತೆಯಲ್ಲೇ ಕರೆದೊಯ್ಯಬೇಕಾದರೆ ಎಸಿ ಫಸ್ಟ್ ಕ್ಲಾಸ್‌ನ ಪೂರ್ತಿ ಕೂಪೆ ಅಥವಾ ಕ್ಯಾಬಿನ್ ನಿಮ್ಮ ಹೆಸರಿನಲ್ಲಿರಬೇಕು. ಇಲ್ಲವಾದರೆ ಗಾರ್ಡ್ ಬೋಗಿಯ ಪೆಟ್ಟಿಗೆಯಲ್ಲಿ ಕಳಿಸಬೇಕು. ಚಪ್ಪಟೆ ಮೂಗಿನ ನಾಯಿಯನ್ನು ಬೇಸಿಗೆಯಲ್ಲಿ ಆ ಪೆಟ್ಟಿಗೆಯಲ್ಲಿ ಕಳಿಸುವ ಯೋಚನೆಯನ್ನೇ ಮಾಡಬೇಡಿ. ಬೇರೆ ನಾಯಿಯಾದರೂ ಚಳಿಗಾಲದ ರಾತ್ರಿ ಗಾಡಿ ಮಾತ್ರ. ಯಾವುದಕ್ಕೂ ಪಾರ್ಸಲ್ ಕಚೇರಿಯಲ್ಲಿ ಮೊದಲೇ ವಿಚಾರಿಸಿ ಬುಕ್ ಮಾಡಿಸಿ. ಹೊರಡುವ ದಿನ ಗಾಡಿ ಬರುವುದಕ್ಕೆ ಒಂದೆರಡು ಗಂಟೆ ಮುಂಚೆ ನಾಯಿ, ಲಸಿಕೆ ಕಾರ್ಡು, ಟಿಕೆಟ್ ಮೂರನ್ನೂ ಹಿಡಿದು ಸ್ಟೇಷನ್‌ನಲ್ಲಿರಿ.